ಶಾಲೆಯ ಕೊನೆಯ ಎರಡು ವರ್ಷ ಇಂಗ್ಲಿಷ್ ಸಾಹಿತ್ಯ ಓದುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಇಂಗ್ಲಿಷ್ ಸಾಹಿತ್ಯವನ್ನು ಪಾಠವಾಗಿ ತೆಗೆದುಕೊಂಡವರಿಗೆ ಮೊದಲ ಕೆಲವು ತಿಂಗಳಲ್ಲಿ ಒಂದು ಗೊಂದಲ ಕಾಡುತ್ತದೆ. ನಾಟಕದ ಕತೆ ಗೊತ್ತಿದೆ, ಪಾತ್ರಗಳೂ ಗೊತ್ತು, ಉಪಮೆ ರೂಪಕ ಎಂದರೇನು ಅಂತಲೂ ಗೊತ್ತು. ಆದರೂ ಬರೆದ ಪ್ರಬಂಧದ ಅಂಚಿನಲ್ಲಿ ‘ಇದು ಬರೀ ಕತೆ, ವಿಶ್ಲೇಷಣೆ ಎಲ್ಲಿ?’ ಎಂಬ ಕೆಂಪು ಗೆರೆ ಬಿದ್ದಿರುತ್ತದೆ. ಕೆಳಗಿನ ತರಗತಿಗಳಲ್ಲಿ ಕತೆ ಸರಿಯಾಗಿ ಹೇಳಿದರೆ ಸಾಕಿತ್ತು. ಈಗ ಬೇರೆಯೇ ಕೆಲಸ. ಬರೆದವರ ಮುಂದೆ ಹತ್ತು ಪದಗಳಿದ್ದಾಗ ಇದೇ ಪದವನ್ನು ಯಾಕೆ ಆರಿಸಿದರು, ಅದರಿಂದ ನಮ್ಮೊಳಗೆ ಏನಾಯಿತು ಅಂತ ತೋರಿಸಬೇಕು.

ಎರಡು ವರ್ಷದ ಓದೆಲ್ಲ ಈ ಒಂದು ಅಭ್ಯಾಸದ ಮೇಲೆ ನಿಂತಿದೆ ಅಂತ ನಾನು ನಂಬುತ್ತೇನೆ. ಹಿನ್ನೆಲೆ, ವಿಮರ್ಶಕರ ಮಾತು, ಪರೀಕ್ಷೆಯ ತಂತ್ರ ಎಲ್ಲವೂ ಆಮೇಲೆ. ಅದಕ್ಕೇ ಮುಂದಿನ ಹಂತಗಳಲ್ಲಿ ಪದ ಗಮನಿಸುವ ಭಾಗವನ್ನು ಉದ್ದವಾಗಿ ಬರೆದಿದ್ದೇನೆ.

ಹಂತ 1: ಸಿಲಬಸ್ ಕೈಗೆ ತೆಗೆದುಕೊಳ್ಳಿ

ಪುಸ್ತಕಗಳ ಪಟ್ಟಿ ಒಂದೇ ಸಾಲದು. ಪರೀಕ್ಷಾ ಮಂಡಳಿ ಏನನ್ನು ಅಳೆಯುತ್ತದೆ ಎಂಬ ಪುಟವನ್ನೂ ಓದಿ. ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಯ ಎರಡು ವರ್ಷದ ಕೋರ್ಸಾದ ಎ ಲೆವೆಲ್‌ನಲ್ಲಿ ಇಂಥ 5 ಗುರಿಗಳಿವೆ: ಸ್ವಂತ ವಾದವನ್ನು ಸ್ಪಷ್ಟವಾಗಿ ಬರೆಯುವುದು, ಭಾಷೆ ಮತ್ತು ರಚನೆ ಅರ್ಥವನ್ನು ಹೇಗೆ ಕಟ್ಟುತ್ತವೆ ಎಂದು ತೋರಿಸುವುದು, ಕಾಲ ಮತ್ತು ಸಂದರ್ಭ, ಕೃತಿಗಳ ನಡುವಿನ ಸಂಬಂಧ, ಬೇರೆ ಬೇರೆ ವ್ಯಾಖ್ಯಾನಗಳು. ಅಲ್ಲಿ ಕನಿಷ್ಠ 8 ಕೃತಿ ಓದಬೇಕು. ಅದರಲ್ಲಿ 3 ಕೃತಿಗಳು 1900ಕ್ಕಿಂತ ಹಿಂದಿನವು, ಒಂದಾದರೂ ಶೇಕ್ಸ್‌ಪಿಯರ್ ನಾಟಕ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ (ಐಬಿ) ಕೋರ್ಸಿನಲ್ಲಿ ಸಾಹಿತ್ಯ ತೆಗೆದುಕೊಂಡವರಿಗೆ ಸ್ಟ್ಯಾಂಡರ್ಡ್ ಲೆವೆಲ್‌ಗೆ 9 ಕೃತಿ, ಹೈಯರ್ ಲೆವೆಲ್‌ಗೆ 13. ಜೊತೆಗೆ 15 ನಿಮಿಷದ ಮೌಖಿಕ ಪರೀಕ್ಷೆ ಇರುತ್ತದೆ. ನಿಮ್ಮದು ಬೇರೆ ಮಂಡಳಿಯಾಗಿರಬಹುದು, ಆದರೂ ಹುಡುಕಬೇಕಾದ್ದು ಇವೇ. ಯಾವ ಪ್ರಶ್ನೆಪತ್ರಿಕೆಯಲ್ಲಿ ಯಾವ ಗುರಿಗೆ ಜಾಸ್ತಿ ಅಂಕ? ಪರೀಕ್ಷೆಗೆ ಪುಸ್ತಕ ಒಯ್ಯಬಹುದೇ? ಮನೆಯಲ್ಲಿ ಬರೆದು ಕೊಡುವ ಪ್ರಬಂಧ ಇದೆಯೇ? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.

ಇನ್ನೊಂದು ಮಾತು. ಶಾಲೆ ಹೇಳಿದ ಆವೃತ್ತಿಯನ್ನೇ ಕೊಳ್ಳಿ. ಇದು ಬರೀ ಪುಟಸಂಖ್ಯೆಯ ವಿಷಯವಲ್ಲ. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿ 1818ರಲ್ಲಿ ಮೊದಲು ಬಂತು, 1831ರಲ್ಲಿ ಅವರೇ ಅದನ್ನು ತಿದ್ದಿದರು. ಮೊದಲನೆಯದರಲ್ಲಿ ಎಲಿಜಬೆತ್ ನಾಯಕ ವಿಕ್ಟರ್‌ನ ಅತ್ತೆಯ ಮಗಳು. ಎರಡನೆಯದರಲ್ಲಿ ಅವಳು ಆ ಮನೆಯವರು ತಂದು ಸಾಕಿದ ಅನಾಥೆ. ಒಂದು ಆವೃತ್ತಿ ಓದಿ ಇನ್ನೊಂದರ ಬಗ್ಗೆ ಬರೆದರೆ ಏನಾಗುತ್ತದೆ ಯೋಚಿಸಿ.

ಹಂತ 2: ಮೊದಲ ಓದು ಪೆನ್ಸಿಲ್ ಇಲ್ಲದೆ

ಮೊದಲ ಸಲ ಓದುವಾಗ ಗೆರೆ ಎಳೆಯಬೇಡಿ. ಗೊತ್ತಿಲ್ಲದ ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯಬೇಡಿ. ಕಾದಂಬರಿಯಾದರೆ ಒಂದು ವಾರದೊಳಗೆ ಮುಗಿಸಿ, ನಾಟಕವಾದರೆ ಒಂದೆರಡು ಕೂತಿಗೆ. ಭಾವನೆ ಕಡಿಯದಂತೆ ಓದಿದಾಗಲೇ ಎಲ್ಲಿ ಹೆದರಿದೆ, ಎಲ್ಲಿ ಬೇಸರವಾಯಿತು, ಯಾರ ಮೇಲೆ ಸಿಟ್ಟು ಬಂತು ಎಂಬುದು ಮನಸ್ಸಿಗೆ ಅಂಟುತ್ತದೆ. ಓದಿ ಮುಗಿಸಿದ ದಿನವೇ ಅದನ್ನು ಒಂದು ಪುಟದಲ್ಲಿ ಬರೆದಿಡಿ. ಯಾರಿಗೂ ತೋರಿಸಬೇಕಾಗಿಲ್ಲ. ಒಂದೂವರೆ ವರ್ಷದ ನಂತರ, ಎಲ್ಲರ ಟಿಪ್ಪಣಿ ತಲೆಯಲ್ಲಿ ತುಂಬಿಕೊಂಡಾಗ, ನಿಮ್ಮ ಸ್ವಂತ ಅಭಿಪ್ರಾಯ ಎಲ್ಲಿ ಶುರುವಾಗಿತ್ತು ಅಂತ ಹುಡುಕಲು ಆ ಪುಟ ಒಂದೇ ದಾರಿ.

ಶೇಕ್ಸ್‌ಪಿಯರ್‌ಗೆ ಮಾತ್ರ ಸಣ್ಣ ವಿನಾಯಿತಿ. ಮೊದಲು ಕತೆಯ ಸಾರ ಓದಿಕೊಳ್ಳಿ, ಪರವಾಗಿಲ್ಲ. ಆಮೇಲೆ ಒಳ್ಳೆಯ ರಂಗಪ್ರಯೋಗದ ವಿಡಿಯೋ ಅಥವಾ ಆಡಿಯೋ ಹಾಕಿಕೊಂಡು, ಪುಸ್ತಕ ಕೈಯಲ್ಲಿಟ್ಟುಕೊಂಡು ಹಿಂಬಾಲಿಸಿ. ಅದು ಕೇಳಲೆಂದು ಬರೆದದ್ದು, ಅಲ್ವಾ.

ಹಂತ 3: ಎರಡನೇ ಓದು, ಪದದ ಮೇಲೆ ನಿಲ್ಲುವುದು

ಈಗ ಪೆನ್ಸಿಲ್ ತೆಗೆಯಿರಿ. ಆದರೆ ಚೆಂದ ಕಂಡ ಸಾಲಿಗೆಲ್ಲ ಬಣ್ಣ ಬಳಿಯಬೇಡಿ. ಪುಟವೆಲ್ಲ ಹಳದಿಯಾದರೆ ಏನೂ ಕಾಣುವುದಿಲ್ಲ. ಗೆರೆ ಎಳೆದ ಪ್ರತಿ ಕಡೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ. ಪ್ರಶ್ನೆ ಹೊಳೆಯದಿದ್ದರೆ ಗೆರೆಯೂ ಬೇಡ.

ಎಂಥ ಪ್ರಶ್ನೆ? ‘ಮ್ಯಾಕ್‌ಬೆತ್’ ನಾಟಕವನ್ನೇ ನೋಡೋಣ. ಎರಡನೇ ಅಂಕದಲ್ಲಿ ಮನೆಗೆ ಅತಿಥಿಯಾಗಿ ಬಂದ ರಾಜನ ಕೊಲೆ ಮುಗಿದಿದೆ, ಗಂಡ ಹೆಂಡತಿ ಇಬ್ಬರ ಕೈಗೂ ರಕ್ತ. ನೆಪ್ಚೂನ್ ದೇವನ ಮಹಾಸಾಗರವೆಲ್ಲ ಸೇರಿದರೂ ಈ ಕೈ ತೊಳೆಯಬಲ್ಲದೇ ಅಂತ ಮ್ಯಾಕ್‌ಬೆತ್ ಕೇಳುತ್ತಾನೆ. ಸ್ವಲ್ಪ ನೀರು ಸಾಕು, ಎಲ್ಲ ತೊಳೆದುಹೋಗುತ್ತದೆ ಎನ್ನುತ್ತಾಳೆ ಹೆಂಡತಿ. ಅಲ್ಲಿ ಅವಳು ಬಳಸುವ ಪದ ‘ಲಿಟಲ್’. ಐದನೇ ಅಂಕದಲ್ಲಿ ಅವಳು ನಿದ್ದೆಯಲ್ಲಿ ನಡೆಯುತ್ತ, ಇಲ್ಲದ ರಕ್ತವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಾಳೆ. ಅರೇಬಿಯಾದ ಸುಗಂಧವೆಲ್ಲ ಸುರಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಎನ್ನುತ್ತಾಳೆ. ‘ಪುಟ್ಟ’ ಎಂಬಲ್ಲಿ ಮತ್ತೆ ಅದೇ ‘ಲಿಟಲ್’.

ಇಲ್ಲಿ ನಿಲ್ಲಬೇಕು. ಮೊದಲ ಸಲ ನೀರು ಪುಟ್ಟದು, ಪಾಪ ಇನ್ನೂ ಪುಟ್ಟದು. ಕೊನೆಗೆ ಪುಟ್ಟದಾಗಿ ಉಳಿದಿರುವುದು ಅವಳ ಕೈ ಮಾತ್ರ. ಇನ್ನೂ ಸ್ವಲ್ಪ ನೋಡಿ. ಅಂದು ಸಾಗರವೆಲ್ಲ ಸಾಲದು ಎಂದವನು ಗಂಡ. ಇಂದು ಅರೇಬಿಯಾದ ಸುಗಂಧವೆಲ್ಲ ಸಾಲದು ಎನ್ನುವವಳು ಹೆಂಡತಿ. ಅಂದು ಅವಳು ತಳ್ಳಿಹಾಕಿದ ಗಂಡನ ಮಾತು ಈಗ ಅವಳ ಬಾಯಿಗೆ ಬಂದಿದೆ. ಇನ್ನೊಂದು ವಿಷಯ ಕಣ್ಣಿಗೆ ಕಾಣುವಂಥದ್ದು. ನಾಟಕದುದ್ದಕ್ಕೂ ಅವಳ ಸ್ವಂತ ಮಾತು ಪದ್ಯದಲ್ಲಿದೆ, ಈ ದೃಶ್ಯದಲ್ಲಿ ಗದ್ಯ. ಸಾಲುಗಳು ಬಲ ಅಂಚಿನ ತನಕ ಹೋಗಿರುವುದನ್ನು ನೋಡಿದರೇ ಗೊತ್ತಾಗುತ್ತದೆ. ಅವಳ ಮಾತಿನ ಲಯ ಕಳಚಿಬಿದ್ದಿದೆ.

ಇಷ್ಟನ್ನೂ ಯಾವ ಗೈಡ್ ನೋಡದೆ ಕಂಡುಹಿಡಿಯಬಹುದು. ಬೇಕಾದದ್ದು ಎರಡು ದೃಶ್ಯವನ್ನು ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ. ಅದಕ್ಕೇ ಒಂದು ಪುಸ್ತಕದಲ್ಲಿ ಮರಳಿ ಬರುವ ಪದಗಳ ಪಟ್ಟಿ ಮಾಡಿಕೊಳ್ಳಿ: ರಕ್ತ, ನಿದ್ದೆ, ಬಟ್ಟೆ, ಬೆಳಕು, ಯಾವುದಾದರೂ ಸರಿ. ಪ್ರತಿ ಪದದ ಮುಂದೆ ಅಂಕ, ದೃಶ್ಯ, ಹೇಳಿದವರು ಯಾರು. ಪಟ್ಟಿ ಬೆಳೆದಂತೆ ವಾದ ತಾನಾಗಿಯೇ ಹುಟ್ಟುತ್ತದೆ.

ಹಂತ 4: ಕನ್ನಡವನ್ನು ಭೂತಗನ್ನಡಿಯಂತೆ ಬಳಸಿ

ಇಂಗ್ಲಿಷ್ ಸಾಹಿತ್ಯ ಓದುವಾಗ ತಾಯಿನುಡಿಯನ್ನು ಬಾಗಿಲ ಹೊರಗೆ ಬಿಡಬೇಕು ಅಂತ ಅನೇಕರು ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಪೂರ್ತಿ ಬೇರೆ. ಕಷ್ಟದ ಎರಡು ಸಾಲು ತೆಗೆದುಕೊಂಡು ಕನ್ನಡಕ್ಕೆ ತನ್ನಿ. ಅನುವಾದ ಚೆನ್ನಾಗಿ ಬರಬೇಕಾಗಿಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲೇ ಕವಿ ಕೆಲಸ ಮಾಡಿದ್ದಾರೆ ಅಂತ ಅರ್ಥ.

ಕನ್ನಡದವರಿಗೆ ಒಂದು ದೊಡ್ಡ ಅನುಕೂಲವೂ ಇದೆ. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್‌ನಲ್ಲಿ ‘ದೌ’ ಮತ್ತು ‘ಯೂ’ ಎರಡೂ ಇದ್ದವು, ಹೆಚ್ಚುಕಡಿಮೆ ನಮ್ಮ ‘ನೀನು’ ‘ನೀವು’ ಇದ್ದ ಹಾಗೆ. ಇವತ್ತು ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ವ್ಯತ್ಯಾಸ ಪಾಠ ಮಾಡಿ ಹೇಳಬೇಕು. ನಮಗೆ ಅದು ಹುಟ್ಟಿನಿಂದ ಗೊತ್ತು. ‘ಹ್ಯಾಮ್ಲೆಟ್’ ಮೂರನೇ ಅಂಕದ ನಾಲ್ಕನೇ ದೃಶ್ಯ ನೋಡಿ. ತಂದೆ ಸತ್ತ ಸ್ವಲ್ಪ ದಿನಕ್ಕೇ ತಾಯಿ ಚಿಕ್ಕಪ್ಪನನ್ನು ಮದುವೆಯಾಗಿದ್ದಾಳೆ. ಮಗನನ್ನು ಕರೆಸಿ ಅವಳು ಹೇಳುವುದರ ಅರ್ಥ ಇಷ್ಟು: ‘ಹ್ಯಾಮ್ಲೆಟ್, ನೀನು ನಿನ್ನ ತಂದೆಗೆ ತುಂಬ ನೋವು ಮಾಡಿದ್ದೀಯ.’ ಮಗನ ಉತ್ತರ: ‘ತಾಯಿ, ನೀವು ನನ್ನ ತಂದೆಗೆ ತುಂಬ ನೋವು ಮಾಡಿದ್ದೀರಿ.’ ಅವಳ ಬಾಯಲ್ಲಿ ‘ತಂದೆ’ ಎಂದರೆ ಹೊಸ ಗಂಡ, ಅವನ ಬಾಯಲ್ಲಿ ಸತ್ತವನು. ಅವಳದು ಸಲಿಗೆಯ ‘ನೀನು’, ಅವನದು ತಣ್ಣಗೆ ಕೊರೆಯುವ ‘ನೀವು’. ಇದನ್ನು ಕೇಳಿದ ಕೂಡಲೇ ತಾಯಿಯೂ ‘ದೌ’ ಬಿಟ್ಟು ‘ಯೂ’ಗೆ ಬದಲಾಗುತ್ತಾಳೆ. ಮನೆಯಲ್ಲಿ ಅಮ್ಮ ಇದ್ದಕ್ಕಿದ್ದಂತೆ ನಿಮ್ಮನ್ನು ‘ನೀವು’ ಅಂದರೆ ಹೇಗಿರುತ್ತದೆ? ಆ ಚಳಿಯನ್ನು ಪ್ರಬಂಧದಲ್ಲಿ ಬರೆಯಿರಿ. ಎಲ್ಲ ಕಡೆ ಈ ಲೆಕ್ಕ ಇಷ್ಟು ನೇರವಾಗಿ ಕೂರುವುದಿಲ್ಲ, ಆದರೆ ಒಂದೇ ಮಾತುಕತೆಯೊಳಗೆ ‘ದೌ’ ‘ಯೂ’ ಬದಲಾದ ಕಡೆಯಲ್ಲೆಲ್ಲ ನಿಂತು ಯಾಕೆ ಅಂತ ಕೇಳಿ.

ಹಂತ 5: ಪದ್ಯವನ್ನು ಬಾಯಿಬಿಟ್ಟು ಓದಿ

ಪದ್ಯಕ್ಕೆ ಹೆದರುವವರೇ ಜಾಸ್ತಿ. ಮೂರು ಸಲ ಓದಿ. ಒಂದು ಸಲ ಸುಮ್ನೆ. ಇನ್ನೊಂದು ಸಲ ಜೋರಾಗಿ, ಸಾಲಿನ ಕೊನೆಯಲ್ಲಿ ನಿಲ್ಲದೆ, ಪೂರ್ಣವಿರಾಮ ಬಂದಲ್ಲಿ ಮಾತ್ರ ನಿಂತು. ಮೂರನೇ ಸಲ ಪೆನ್ಸಿಲ್ ಹಿಡಿದು. ಪದ್ಯ ಅರ್ಥವಾಗದಿರಲು ಮುಖ್ಯ ಕಾರಣ ವಾಕ್ಯ ಎಲ್ಲಿ ಮುಗಿಯಿತು ಎಂದು ತಿಳಿಯದಿರುವುದು. ಕ್ರಿಯಾಪದ ಎಲ್ಲಿದೆ, ಅದರ ಕರ್ತೃ ಯಾರು ಅಂತ ಹುಡುಕಿದರೆ ಅರ್ಧ ಗಂಟು ಬಿಚ್ಚುತ್ತದೆ.

ಲಯದ ಬಗ್ಗೆ ಒಂದು ಎಚ್ಚರಿಕೆ. ನಾವು ಲಘು ಗುರು ಕಲಿತವರು, ಅಕ್ಷರ ಎಷ್ಟು ಹೊತ್ತು ಎಳೆಯುತ್ತದೆ ಎಂದು ಎಣಿಸುತ್ತೇವೆ. ಇಂಗ್ಲಿಷ್ ಛಂದಸ್ಸು ಎಣಿಸುವುದು ಒತ್ತನ್ನು. ಅಯಾಂಬಿಕ್ ಪೆಂಟಾಮೀಟರ್ ಎಂದರೆ ಒತ್ತಿಲ್ಲದ್ದು, ಒತ್ತಿದ್ದು, ಹೀಗೆ ಐದು ಜೋಡಿ, ಸಾಮಾನ್ಯವಾಗಿ 10 ಉಚ್ಚಾರಾಂಶ. ಮೇಜಿನ ಮೇಲೆ ತಟ್ಟುತ್ತ ಓದಿ. ಆದರೆ ‘ಈ ಪದ್ಯ ಅಯಾಂಬಿಕ್ ಪೆಂಟಾಮೀಟರ್‌ನಲ್ಲಿದೆ’ ಅಂತ ಬರೆದು ಬಿಟ್ಟರೆ ಅಂಕ ಇಲ್ಲ. ಲಯ ಎಲ್ಲಿ ಮುರಿಯಿತು, ಆಗ ಅಲ್ಲಿ ಏನು ನಡೆಯುತ್ತಿತ್ತು ಎಂದು ಹೇಳಿದರೆ ಇದೆ.

ಪ್ರಾಸಕ್ಕೂ ಇದೇ ಮಾತು. ವಿಲ್ಫ್ರೆಡ್ ಓವೆನ್ ಮೊದಲ ಮಹಾಯುದ್ಧದ ಕವಿ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರ ಇದ್ದಾಗ, ಸತ್ತರು. ಅವರ ‘ಸ್ಟ್ರೇಂಜ್ ಮೀಟಿಂಗ್’ ಪದ್ಯದಲ್ಲಿ ಸಾಲುಗಳ ಕೊನೆಯ ಪದಗಳು ಪೂರ್ತಿ ಪ್ರಾಸವಾಗುವುದಿಲ್ಲ. ವ್ಯಂಜನ ಒಂದೇ, ಸ್ವರ ಬೇರೆ: ‘ಹಾಲ್’ ಪದಕ್ಕೆ ಜೋಡಿ ‘ಹೆಲ್’. ಕಿವಿ ಒಂದು ಹೊಂದಿಕೆಗೆ ಕಾಯುತ್ತದೆ, ಅದು ಸಿಕ್ಕೂ ಸಿಗುವುದಿಲ್ಲ. ಇಬ್ಬರು ಶತ್ರು ಸೈನಿಕರು ಸಾವಿನ ನಂತರ ಭೇಟಿಯಾಗುವ ಪದ್ಯಕ್ಕೆ ಇದಕ್ಕಿಂತ ತಕ್ಕ ಸದ್ದು ಯಾವುದಿದೆ?

ಸಾನೆಟ್ ಆದರೆ 14 ಸಾಲಿನಲ್ಲಿ ತಿರುವು ಎಲ್ಲಿದೆ ನೋಡಿ. ಇಟಾಲಿಯನ್ ಮಾದರಿಯಲ್ಲಿ ಸಾಮಾನ್ಯವಾಗಿ 8ನೇ ಸಾಲಿನ ನಂತರ. ಶೇಕ್ಸ್‌ಪಿಯರ್ ಮಾದರಿಯಲ್ಲಿ ನಾಲ್ಕು ನಾಲ್ಕು ಸಾಲಿನ ಮೂರು ತುಂಡು, ಕೊನೆಗೆ ಎರಡು ಸಾಲಿನ ಜೋಡಿ. ಆ ಜೋಡಿ ಹಿಂದಿನ 12 ಸಾಲನ್ನು ಒಪ್ಪುತ್ತದೋ, ಬುಡಮೇಲು ಮಾಡುತ್ತದೋ ಎಂಬುದೇ ನಿಮ್ಮ ಪ್ರಶ್ನೆ.

ಹಂತ 6: ಕತೆ ಹೇಳುತ್ತಿರುವವರು ಯಾರು?

ಕಾದಂಬರಿಯಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. ನಿರೂಪಕ ಬೇರೆ, ಲೇಖಕ ಬೇರೆ. ‘ಫ್ರಾಂಕನ್‌ಸ್ಟೈನ್’ನಲ್ಲಿ ಹಡಗಿನ ನಾಯಕ ವಾಲ್ಟನ್ ಒಡಹುಟ್ಟಿದವಳಿಗೆ ಪತ್ರ ಬರೆಯುತ್ತಾನೆ. ಆ ಪತ್ರದೊಳಗೆ ವಿಕ್ಟರ್‌ನ ಕತೆ, ವಿಕ್ಟರ್‌ನ ಕತೆಯೊಳಗೆ ಅವನು ಸೃಷ್ಟಿಸಿದ ಜೀವಿಯ ಕತೆ. ಜೀವಿಯ ಬಹುಪಾಲು ಮಾತು ನಮಗೆ ತಲುಪುವುದು ಅದನ್ನು ದ್ವೇಷಿಸುವವನ ಬಾಯಿಂದ. ಹಾಗಿದ್ದೂ ನಮಗೆ ಅದರ ಮೇಲೆ ಕರುಣೆ ಹುಟ್ಟುತ್ತದೆ. ಇದು ಹೇಗೆ ಸಾಧ್ಯವಾಯಿತು ಎಂಬ ಒಂದೇ ಪ್ರಶ್ನೆಯಿಂದ ಪೂರ್ತಿ ಪ್ರಬಂಧ ಬರೆಯಬಹುದು.

ನಾಟಕದಲ್ಲಿ ಸಾಮಾನ್ಯವಾಗಿ ನಿರೂಪಕ ಇರುವುದಿಲ್ಲ. ಅಲ್ಲಿ ರಂಗದ ಮೇಲೆ ಯಾರಿದ್ದಾರೆ, ಯಾರು ಮಾತಾಡದೆ ನಿಂತಿದ್ದಾರೆ, ಯಾರು ಕದ್ದು ಕೇಳುತ್ತಿದ್ದಾರೆ ಅಂತ ನೋಡಿ. ಓದುವಾಗ ಮೌನವಾಗಿರುವ ಪಾತ್ರ ಮರೆತುಹೋಗುತ್ತದೆ, ರಂಗದಲ್ಲಿ ಮರೆಯಾಗುವುದಿಲ್ಲ.

ಹಂತ 7: ಕಾಲ, ಸಂದರ್ಭ

ಇಲ್ಲಿ ಆಗುವ ತಪ್ಪು ಎಲ್ಲ ಕಡೆ ಒಂದೇ. ಇತಿಹಾಸದ ಪಾಠ ಒಂದು ಪ್ಯಾರಾ, ಆಮೇಲೆ ನಾಟಕ. ‘ಮ್ಯಾಕ್‌ಬೆತ್’ ಬರೆದದ್ದು ಸುಮಾರು 1606ರಲ್ಲಿ, ಆಗ ಒಂದನೇ ಜೇಮ್ಸ್ ರಾಜ, 1597ರಲ್ಲಿ ಅವನೇ ಮಾಟಗಾತಿಯರ ಬಗ್ಗೆ ಪುಸ್ತಕ ಬರೆದಿದ್ದ, 1605ರಲ್ಲಿ ಸಿಡಿಮದ್ದು ಇಟ್ಟು ಅವನನ್ನು ಕೊಲ್ಲುವ ಸಂಚು ನಡೆದಿತ್ತು. ಎಲ್ಲ ನಿಜ. ಆದರೆ ಸುಮ್ನೆ ಪಟ್ಟಿ ಮಾಡಿದರೆ ಉಪಯೋಗವಿಲ್ಲ.

ಹಿನ್ನೆಲೆಯನ್ನು ಒಂದು ಪದಕ್ಕೆ ಕಟ್ಟಿ. ಉದಾಹರಣೆಗೆ, ಮಾಟಗಾತಿಯರು ಹಾಗೂ ಮ್ಯಾಕ್‌ಬೆತ್ ಎರಡರ್ಥ ಬರುವಂತೆ ಮಾತಾಡುವುದನ್ನು ಗಮನಿಸಿದ್ದೀರಿ ಎಂದುಕೊಳ್ಳಿ. ಆಗ, ಹಿಂದಿನ ವರ್ಷವಷ್ಟೇ ರಾಜನ ಕೊಲೆಯ ಸಂಚು ಬಯಲಾಗಿದ್ದ ಊರಿನ ಪ್ರೇಕ್ಷಕರಿಗೆ, ನಗುತ್ತ ಉಪಚಾರ ಮಾಡುವ ಆತಿಥೇಯನೇ ಕೊಲೆಗಾರ ಎಂಬುದು ಬರೀ ಕತೆಯಾಗಿ ಕೇಳಿಸಿರಲಾರದು ಅಂತ ಬರೆಯಬಹುದು. ಒಂದೇ ವಾಕ್ಯ ಸಾಕು.

ಹಂತ 8: ವಿಮರ್ಶಕರ ಜೊತೆ ಜಗಳ

ವಿಮರ್ಶಕರನ್ನು ಓದುವುದು ಅವರ ಮಾತು ನಕಲು ಮಾಡಲಿಕ್ಕಲ್ಲ. ಎ.ಸಿ. ಬ್ರಾಡ್ಲಿ 1904ರಲ್ಲಿ ಶೇಕ್ಸ್‌ಪಿಯರ್‌ನ ಪಾತ್ರಗಳನ್ನು ನಿಜವಾದ ಮನುಷ್ಯರಂತೆ, ಅವರ ಮನಸ್ಸು ಹೊಕ್ಕು ನೋಡಿದರು. 1933ರಲ್ಲಿ ಎಲ್.ಸಿ. ನೈಟ್ಸ್ ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ ಅದನ್ನು ಟೀಕಿಸಿದರು: ನಾಟಕ ಮೊದಲು ಪದಗಳಿಂದಾದ ಕಾವ್ಯ, ಪಾತ್ರಗಳ ಜೀವನಚರಿತ್ರೆ ಅಲ್ಲ. ನೀವು ಯಾರ ಕಡೆ? ನೈಜೀರಿಯಾದ ಕಾದಂಬರಿಕಾರ ಚಿನುವ ಅಚೆಬೆ 1975ರ ಭಾಷಣದಲ್ಲಿ ಜೋಸೆಫ್ ಕಾನ್ರಾಡ್‌ರ ಕಾದಂಬರಿ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಆಫ್ರಿಕದ ಜನರಿಂದ ಮನುಷ್ಯತ್ವವನ್ನೇ ಕಸಿಯುತ್ತದೆ ಎಂದು ವಾದಿಸಿದರು. ಅದನ್ನು ಓದಿದ ಮೇಲೆ ಆ ಪುಸ್ತಕ ಮೊದಲಿನ ಹಾಗೆ ಕಾಣುವುದಿಲ್ಲ.

ಒಂದು ಕೃತಿಗೆ ಇಬ್ಬರು ಸಾಕು, ಒಬ್ಬರನ್ನೊಬ್ಬರು ಒಪ್ಪದವರಾಗಿದ್ದರೆ ಇನ್ನೂ ಒಳ್ಳೆಯದು. ಕೆಲವೊಮ್ಮೆ ಇನ್ನೊಂದು ಕೃತಿಯೇ ವಿಮರ್ಶೆಯಾಗುತ್ತದೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ 1847ರದ್ದು. ಅದರಲ್ಲಿ ಅಟ್ಟದ ಕೋಣೆಯಲ್ಲಿ ಕೂಡಿಹಾಕಿದ ಹುಚ್ಚಿ ಬರ್ತಾಗೆ ನೇರವಾಗಿ ಒಂದು ಮಾತೂ ಇಲ್ಲ. 1966ರಲ್ಲಿ ಜೀನ್ ರೀಸ್ ‘ವೈಡ್ ಸಾರ್ಗ್ಯಾಸೋ ಸೀ’ ಬರೆದು ಅವಳಿಗೆ ಆಂಟ್ವಾನೆಟ್ ಎಂಬ ಹೆಸರು, ಬಾಲ್ಯ, ಮಾತು ಎಲ್ಲ ಕೊಟ್ಟರು. ಹೋಲಿಕೆಯ ಪ್ರಬಂಧ ಬರೆಯಬೇಕಿದ್ದರೆ ಇಂಥ ಜೋಡಿ ಸಿಕ್ಕವರು ಅದೃಷ್ಟವಂತರು. ಹೋಲಿಸುವಾಗ ಮೊದಲರ್ಧ ಒಂದು ಪುಸ್ತಕ, ಉಳಿದರ್ಧ ಇನ್ನೊಂದು ಅಂತ ಮಾಡಬೇಡಿ. ಪ್ರತಿ ಪ್ಯಾರಾದಲ್ಲೂ ಎರಡೂ ಇರಲಿ.

ಹಂತ 9: ಪ್ರಬಂಧ ಬರೆಯುವುದು

ಪ್ರಶ್ನೆಯಲ್ಲಿ ಜಗಳಕ್ಕೆ ಎಡೆ ಕೊಡುವ ಪದ ಯಾವುದು ಹುಡುಕಿ. ‘ಲೇಡಿ ಮ್ಯಾಕ್‌ಬೆತ್ ಬರೀ ಕ್ರೂರಿ, ಚರ್ಚಿಸಿ’ ಎಂದಿದ್ದರೆ ಆ ಪದ ‘ಬರೀ’. ಉತ್ತರವನ್ನು ಒಂದು ವಾಕ್ಯದಲ್ಲಿ ಮೊದಲು ಹೇಳಿಕೊಳ್ಳಿ. ಅದು ಆಗದಿದ್ದರೆ ಬರೆಯಲು ಶುರು ಮಾಡಬೇಡಿ.

ಒಂದೇ ವಿಷಯದ ಎರಡು ಮಾದರಿ ನೋಡಿ. ಮೊದಲನೆಯದು: ‘ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾಳೆ, ಕೈ ತೊಳೆಯುತ್ತಾಳೆ. ಇದು ಅವಳ ಪಾಪಪ್ರಜ್ಞೆಯನ್ನು ತೋರಿಸುತ್ತದೆ.’ ಇನ್ನೊಂದು: ‘ಕೊಲೆಯ ರಾತ್ರಿ ನೀರಿಗೆ ಬಳಸಿದ್ದ ‘ಲಿಟಲ್’ ಪದವನ್ನು ಲೇಡಿ ಮ್ಯಾಕ್‌ಬೆತ್ ಈಗ ತನ್ನ ಕೈಗೆ ಬಳಸುತ್ತಾಳೆ. ಅಂದು ಅಪರಾಧವನ್ನು ಸಣ್ಣದು ಮಾಡಿದವಳು ಇಂದು ತಾನೇ ಸಣ್ಣವಳಾಗಿದ್ದಾಳೆ. ಅವಳನ್ನು ಬರೀ ಕ್ರೂರಿ ಎಂದು ನೋಡಲು ನಾಟಕ ಇಲ್ಲಿ ಬಿಡುವುದಿಲ್ಲ.’ ಮೊದಲನೆಯದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ನಾಟಕ ಓದದವರೂ ಬರೆಯಬಹುದು. ಎರಡನೆಯದಕ್ಕೆ ಪುಸ್ತಕ ಬೇಕೇ ಬೇಕು. ಬರೆದ ಪ್ರತಿ ಪ್ಯಾರಾವನ್ನೂ ಹೀಗೆ ಒರೆಗೆ ಹಚ್ಚಿ.

ಕೋಟ್‌ಗಳು ಚಿಕ್ಕದಿರಲಿ, ಮೂರರಿಂದ ಐದು ಪದ, ನಿಮ್ಮ ವಾಕ್ಯದೊಳಗೆ ಹೊಂದಿಕೊಳ್ಳುವಂತೆ. ಪುಸ್ತಕ ಒಯ್ಯಲು ಬಿಡದ ಪರೀಕ್ಷೆಯಾದರೆ ಒಂದು ಕೃತಿಗೆ 25 ಚಿಕ್ಕ ಕೋಟ್ ನೆನಪಿದ್ದರೆ ನಿಶ್ಚಿಂತೆಯಿಂದ ಬರೆಯಬಹುದು. ಒಂದೇ ವಿಷಯಕ್ಕೆ ಮಾತ್ರ ಒದಗುವ ಕೋಟ್ ಬಿಟ್ಟು, ಮೂರು ನಾಲ್ಕು ವಿಷಯಕ್ಕೆ ಒದಗುವಂಥದ್ದನ್ನು ಆರಿಸಿ. ಕಾರ್ಡಿನ ಒಂದು ಬದಿ ಕೋಟ್, ಇನ್ನೊಂದು ಬದಿ ನೀವು ಗಮನಿಸಿದ ಒಂದು ಪದ. ವಾರಕ್ಕೊಮ್ಮೆ ತಿರುಗಿಸಿ ನೋಡಿ.

ಹಂತ 10: ಹಿಂದೆ ನೋಡಿರದ ಪದ್ಯ

ಹಲವು ಪರೀಕ್ಷೆಗಳಲ್ಲಿ ಗೊತ್ತಿಲ್ಲದ ಪದ್ಯ ಅಥವಾ ಗದ್ಯಭಾಗ ಕೊಡುತ್ತಾರೆ. ಐ.ಎ. ರಿಚರ್ಡ್ಸ್ ಕೇಂಬ್ರಿಡ್ಜ್‌ನಲ್ಲಿ ಕವಿಯ ಹೆಸರು ಹೇಳದೆ ವಿದ್ಯಾರ್ಥಿಗಳಿಗೆ ಪದ್ಯ ಕೊಟ್ಟು ಅಭಿಪ್ರಾಯ ಬರೆಸಿದ್ದರು. ಅದರ ಮೇಲೆ 1929ರಲ್ಲಿ ಪುಸ್ತಕವನ್ನೂ ತಂದರು. ದೊಡ್ಡ ಹೆಸರಿನ ಆಸರೆ ತಪ್ಪಿದಾಗ ಅವರೆಲ್ಲ ಎಷ್ಟು ತಡವರಿಸಿದರು ಎಂಬುದು ಅದರಲ್ಲಿದೆ. ಹಾಗಾಗಿ ನಿಮಗೆ ಭಯವಾಗುವುದು ಸಹಜ.

ಒಂದು ಗಂಟೆ ಇದ್ದರೆ ಮೊದಲ 15 ನಿಮಿಷ ಉತ್ತರ ಬರೆಯದೆ ಓದಲು, ಗುರುತು ಹಾಕಲು ಇಡಿ. ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಶುರುವಿನ ಮನಸ್ಥಿತಿ ಕೊನೆಗೆ ಎಲ್ಲಿ ಬದಲಾಯಿತು? ಆ ಬದಲಾವಣೆಯ ಜಾಗ ಸಿಕ್ಕಿದರೆ ಪ್ರಬಂಧದ ಬೆನ್ನೆಲುಬು ಸಿಕ್ಕಿತು. ಅರ್ಥವಾಗದ ಸಾಲನ್ನು ಬಚ್ಚಿಡಬೇಡಿ. ‘ಇದನ್ನು ಹೀಗೂ ಓದಬಹುದು, ಹಾಗೂ ಓದಬಹುದು’ ಅಂತ ಎರಡೂ ಬರೆಯಿರಿ. ಅದಕ್ಕೂ ಅಂಕ ಸಿಗುತ್ತದೆ. ಇದಕ್ಕೆ ತಯಾರಿ ಎಂದರೆ ವಾರಕ್ಕೆ ಒಂದು ಹೊಸ ಪದ್ಯ, 20 ನಿಮಿಷ, ಅಷ್ಟೇ.

ಹಂತ 11: ಎರಡು ವರ್ಷದ ಲೆಕ್ಕ

ಮೊದಲ ವರ್ಷ ಶುರುವಾಗುವ ಮುಂಚಿನ ರಜೆಯಲ್ಲಿ ಆದಷ್ಟು ಕೃತಿಗಳ ಮೊದಲ ಓದು ಮುಗಿಸಿ. ಮೊದಲ ವರ್ಷ ಪೂರ್ತಿ ಪದ ಗಮನಿಸುವುದು, ಪಟ್ಟಿ ಮಾಡುವುದು, 15 ದಿನಕ್ಕೊಂದು ಪ್ಯಾರಾ ಬರೆದು ಟೀಚರ್‌ಗೆ ತೋರಿಸುವುದು. ಪೂರ್ತಿ ಪ್ರಬಂಧಕ್ಕಿಂತ ತಿದ್ದಿ ತಿದ್ದಿ ಬರೆದ ಒಂದು ಪ್ಯಾರಾ ಹೆಚ್ಚು ಕಲಿಸುತ್ತದೆ. ನಡುವಿನ ರಜೆಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಓದಿ. ಎರಡನೇ ವರ್ಷ ಹೋಲಿಕೆ, ವಿಮರ್ಶಕರು, ಮನೆಯಲ್ಲಿ ಬರೆಯುವ ಪ್ರಬಂಧ. ಕೊನೆಯ ಮೂರು ತಿಂಗಳು ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ.

ಗೈಡ್‌ಗಳು, ಇಂಟರ್ನೆಟ್ಟಿನ ಸಾರಾಂಶಗಳು ಎಲ್ಲರ ಕೈಯಲ್ಲೂ ಇವೆ. ನೋಡಲೇಬಾರದು ಅಂತ ಹೇಳುವುದಿಲ್ಲ. ಆದರೆ ಆ ದೃಶ್ಯದ ಬಗ್ಗೆ ನಿಮ್ಮದೇ ಐದು ಪ್ರಶ್ನೆ ಅಂಚಿನಲ್ಲಿ ಬರೆದ ಮೇಲೆ ತೆರೆಯಿರಿ. ಆಗ ಗೈಡ್‌ನಲ್ಲಿ ಇಲ್ಲದ ಒಂದಾದರೂ ಪ್ರಶ್ನೆ ನಿಮ್ಮ ಪುಟದಲ್ಲಿ ಇರುತ್ತದೆ. ಪ್ರಬಂಧವನ್ನು ಅದರಿಂದಲೇ ಶುರು ಮಾಡಿ.